ಅಪ್ಪ ಗೇಟಿನಾಚೆ

ಆ ವಾರ ಲಿಫ್ಟ್ ಇನ್ಸ್‌ಪೆಕ್ಟರ ಮನೆಯಲ್ಲಿ ಗಂಡ ಹೆಂಡತಿ ಮಾತಾಡಿದರೆ ಜಗಳ, ಮಾತಾಡದಿದ್ದರೆ ಮಹಾಯುದ್ಧ. ಕಾರಣ, ಬುಗುರಿ. ಮಗಳಿಗೆ ಒಳ್ಳೆಯ ಹೆಸರೇ ಇಟ್ಟಿದ್ದರು. ಆದರೆ ಅದನ್ನು ಪೂರ್ತಿ ಕರೆದು ಮುಗಿಸುವಷ್ಟರಲ್ಲಿ ಆಕೆ ಗಿರಗಿರನೆ ಇನ್ನೊಂದು ಕೋಣೆ ಸೇರಿರುತ್ತಿದ್ದಳು. ಎರಡು ವರ್ಷ ತುಂಬಿದ ಮೇಲಂತೂ ಎಲ್ಲದಕ್ಕೂ ವಿರೋಧ ಪಕ್ಷ. ಬಾ ಅಂದರೆ ಹೋಗುವಳು, ಕೂರು ಅಂದರೆ ಏಳುವಳು.

ಬುಗುರಿಯ ತಾಯಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಸೋಮವಾರ ಕೆಲಸಕ್ಕೆ ಹಾಜರಾಗಲೇಬೇಕು. "ಇನ್ನೂ ರಜೆ ಬೇಕಾದ್ರೆ ತಗೊಳ್ಳಿ, ಆ ಜಾಗಕ್ಕೆ ಬೇರೆಯವರು ರೆಡಿ ಇದ್ದಾರೆ" ಎಂದು ದೊಡ್ಡ ಡಾಕ್ಟರು ನಗುನಗುತ್ತಾ ಹೇಳಿದ್ದರು. ನಗುತ್ತಾ ಹೇಳಿದ್ದರಿಂದಲೇ ಆಕೆಗೆ ಎದೆ ಧಸಕ್ಕೆಂದಿತ್ತು.

ಮಗುವನ್ನು ಬಿಡಲು ಇದ್ದದ್ದು ಎರಡೇ ದಾರಿ. ದೊಡ್ಡ ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ಶಿಶುಪಾಲನಾ ಕೇಂದ್ರ ಒಂದು. ಹಿಂದಿನ ಬೀದಿಯಲ್ಲಿ ತನ್ನ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ, ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹೆಂಗಸು ಇನ್ನೊಂದು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. (ಇಬ್ಬರಲ್ಲಿ ಎತ್ತು ಯಾರು, ಕೋಣ ಯಾರು ಎಂಬುದರ ಮೇಲೂ ಒಂದು ಸುತ್ತು ಜಗಳವಾಯಿತು.)

"ಕೇಂದ್ರದಲ್ಲಿ ಕ್ಯಾಮರಾ ಇದೆ ಕಣೇ. ಫೋನಲ್ಲೇ ಮಗೂನ ನೋಡ್ತಾ ಇರಬಹುದು," ಎಂದರು ಇನ್ಸ್‌ಪೆಕ್ಟರು.

"ಕ್ಯಾಮರಾ ಮಗೂನ ಎತ್ಕೊಳ್ಳುತ್ತಾ?"

"ದೊಡ್ಡಮ್ಮಂಗೆ ಜ್ವರ ಬಂದ್ರೆ? ಆವತ್ತು ಏನ್ಮಾಡ್ತೀಯ?"

ಇಂಥ ಪ್ರಶ್ನೆ ಬಂದಾಗಲೆಲ್ಲ ಆಕೆ ರೋಗಿಗಳಿಗೆ ಹೇಳುವ ಧ್ವನಿಯಲ್ಲೇ, "ಅಲುಗಾಡ್ಬೇಡಿ, ಉಸಿರು ಹಿಡ್ಕೊಳಿ" ಎನ್ನುತ್ತಿದ್ದಳು. ಇನ್ಸ್‌ಪೆಕ್ಟರು ಹಿಡಿದುಕೊಳ್ಳುತ್ತಿದ್ದರು. "ಬಿಡಿ" ಎಂದು ಹೇಳುವುದನ್ನು ಆಕೆ ಎಷ್ಟೋ ಸಲ ಮರೆತೇಬಿಡುತ್ತಿದ್ದಳು.

ಇನ್ಸ್‌ಪೆಕ್ಟರದೂ ತಪ್ಪಲ್ಲ. ಯಾವ ಹಗ್ಗ ಎಲ್ಲಿ ಸವೆದಿದೆ, ಯಾವ ಬಾಗಿಲು ಯಾರ ಬೆರಳು ತಿನ್ನಲು ಕಾದಿದೆ ಎಂದು ಹುಡುಕಿ ಹುಡುಕಿ ಹೆದರುವುದೇ ಅವರ ಉದ್ಯೋಗ. ಹೆದರಿಕೆಗೆ ಸಂಬಳ ಪಡೆಯುವವರು ಮನೆಗೆ ಬಂದ ಮೇಲೆ ಅದನ್ನು ಪುಕ್ಕಟೆಯಾಗಿ ಮುಂದುವರಿಸುತ್ತಿದ್ದರು, ಅಷ್ಟೇ.

ಶನಿವಾರ ಎರಡೂ ಕಡೆ ನೋಡಿ ಬರುವುದೆಂದು ತೀರ್ಮಾನವಾಯಿತು.

ಕೇಂದ್ರದಲ್ಲಿ ಇನ್ಸ್‌ಪೆಕ್ಟರಿಗೆ ಸ್ವರ್ಗವೇ ಕಂಡಿತು. ಮೇಜಿನ ಮೂಲೆಮೂಲೆಗೆ ರಬ್ಬರು, ಗೋಡೆಗೆ ಬೆಂಕಿ ಆರಿಸುವ ಸಿಲಿಂಡರು, ಕಿಟಕಿಗೆ ಜಾಲರಿ. ಬುಗುರಿಯೂ ಚಪ್ಪಲಿ ಬಿಚ್ಚುವ ಮೊದಲೇ ಮಕ್ಕಳ ಮಧ್ಯೆ ನುಗ್ಗಿ ಬಣ್ಣದ ಡಬ್ಬಿಗಳ ಗೋಪುರ ಕೆಡವತೊಡಗಿದಳು. ಅಲ್ಲಿನ ಮುಖ್ಯಸ್ಥೆ ಇಸ್ತ್ರಿ ಮಾಡಿದಂಥ ನಗೆ ನಕ್ಕು ಎಲ್ಲವನ್ನೂ ವಿವರಿಸಿದರು.

"ಊಟ ಆದ್ಮೇಲೆ ಎಲ್ಲಾ ಮಕ್ಕಳೂ ಮಲಗ್ತಾರೆ."

"ನಮ್ಮವಳು ಮಧ್ಯಾಹ್ನ ಮಲಗಲ್ಲ," ಎಂದಳು ಹೆಂಡತಿ.

"ಮಲಗ್ತಾರೆ."

"ಮಲಗದೇ ಇದ್ರೆ?"

"ಮಲಗ್ತಾರೆ ಮೇಡಂ." ನಗೆಯ ಮಡಿಕೆ ಒಂದಿಷ್ಟೂ ಕೆಡಲಿಲ್ಲ. ಸಂಜೆಯೊಳಗೆ ತಿಳಿಸದಿದ್ದರೆ ಉಳಿದಿರುವ ಒಂದೇ ಜಾಗ ಬೇರೆಯವರಿಗೆ ಹೋಗುತ್ತದೆ ಎಂದೂ ಸೇರಿಸಿದರು.

ಹೊರಗೆ ಬಂದ ಮೇಲೆ ಹೆಂಡತಿ, "ನಂಗ್ಯಾಕೋ ಕೈಕಾಲು ತಣ್ಣಗಾಯ್ತು ರೀ" ಎಂದಳು.

"ಏಸಿ ಇದೆಯಲ್ಲ, ಅದಕ್ಕೆ," ಎಂದರು ಇನ್ಸ್‌ಪೆಕ್ಟರು ಹೆಮ್ಮೆಯಿಂದ.

ದೊಡ್ಡಮ್ಮನ ಮನೆಯಲ್ಲಿ ಏಸಿ ಇರಲಿಲ್ಲ. ಹಜಾರದ ತುಂಬ ಚಾಪೆ, ಚಾಪೆಯ ತುಂಬ ಆಟದ ಸಾಮಾನು, ಅದರ ನಡುವೆ ಸೊಂಟಕ್ಕೊಂದು ಮಗುವನ್ನೂ ಸೆರಗಿಗೊಂದು ಮಗುವನ್ನೂ ನೇತುಹಾಕಿಕೊಂಡ ದೊಡ್ಡಮ್ಮ. ಬುಗುರಿ ಇಲ್ಲಿ ಬಾಗಿಲಲ್ಲೇ ಅಳಲು ಶುರುಮಾಡಿದಳು. ಇನ್ಸ್‌ಪೆಕ್ಟರು ಹೆಂಡತಿಯತ್ತ 'ನೋಡಿದೆಯಾ?' ಎಂಬಂತೆ ಹುಬ್ಬು ಹಾರಿಸಿ ತಪಾಸಣೆಗೆ ಹೊರಟರು. ಸ್ವಿಚ್‌ಬೋರ್ಡಿನ ಎತ್ತರ ನೋಡಿದರು. ಕಪಾಟು ಅಲುಗಾಡಿಸಿದರು. ಬಚ್ಚಲುಮನೆಯ ಬಾಗಿಲ ಮೇಲೆ ಮಡಿಚಿ ಇಳಿಬಿಟ್ಟಿದ್ದ ಹಳೆಯ ಟವೆಲು ಕಣ್ಣಿಗೆ ಬಿತ್ತು.

"ಮಕ್ಕಳಿರೋ ಮನೇಲಿ ಇಂಥ ಕೊಳಕು ಬಟ್ಟೆ ನೇತುಹಾಕ್ತಾರಾ!" ಎಂದು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಎಸೆದರು.

ಅಷ್ಟು ಹೊತ್ತಿಗೆ ಬುಗುರಿಯ ಅಳು ನಿಂತು ಕಾಲಿಗೆ ಚಕ್ರ ಬಂದಿತ್ತು. ಸುಂಯ್ಯನೆ ಬಂದವಳೇ ಅಪ್ಪನ ಪಕ್ಕದಿಂದ ನುಸುಳಿ ಒಳಗೆ ಹೊಕ್ಕಳು. ಬಾಗಿಲು ದಢಾರನೆ ಮುಚ್ಚಿತು. ಕೆಳಗಿನ ಚಿಲಕ ಕಟಕ್ಕೆಂದಿತು.

"ಅಯ್ಯಯ್ಯೋ, ಬಾಗಿಲು ಮುಚ್ಕೋಬಾರ್ದು ಅಂತಲೇ ಆ ಟವೆಲ್ಲು ಸಿಕ್ಕಿಸಿದ್ದು!" ದೊಡ್ಡಮ್ಮ ಸೊಂಟದ ಮಗುವನ್ನು ಇಳಿಸಿ ಓಡಿಬಂದಳು. "ಒಳಗೆ ಬಕೆಟ್ ತುಂಬ ನೀರಿದೆ!"

ಮರುಕ್ಷಣವೇ ಒಳಗಿನಿಂದ ದಬಕ್ಕನೆ ನೀರು ಚೆಲ್ಲಿದ ಸದ್ದು.

ಇನ್ಸ್‌ಪೆಕ್ಟರ ಜೀವ ಬಾಯಿಗೆ ಬಂತು. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಎಷ್ಟು ಸಲ ಧೈರ್ಯ ಹೇಳಿಲ್ಲ ಅವರು! ಈಗಲೂ ಬಾಯಿಗೆ ಅದೇ ಮಾತು ಬಂತು.

"ಒಳಗಿರುವವರು ದಯವಿಟ್ಟು ಗಾಬರಿಯಾಗಬಾರದು! ಬಾಗಿಲಿನಿಂದ ದೂರ ನಿಲ್ಲತಕ್ಕದ್ದು! ಸಿಬ್ಬಂದಿ ಹೊರಗೆ ಸನ್ನದ್ಧರಾಗಿದ್ದಾರೆ!"

ಒಳಗಿರುವವರು ಕಿಲಕಿಲನೆ ನಕ್ಕರು. ಸಿಬ್ಬಂದಿ ಭುಜ ಕೊಟ್ಟು ಬಾಗಿಲು ಒಡೆಯಲು ಹೋದರು. ಬಾಗಿಲ ಹಿಂದೆಯೇ ಮಗು ನಿಂತಿದ್ದರೆ ಎಂದು ನೆನಪಾಗಿ ಅರ್ಧದಲ್ಲೇ ನಿಂತರು. ದೊಡ್ಡಮ್ಮ ಎರಡೂ ಕೈಯಲ್ಲಿ ಬಾಗಿಲು ಬಡಿದಳು. ಅದನ್ನು ನೋಡಿ ಉಳಿದ ಮಕ್ಕಳೆಲ್ಲ ಬಾಗಿಲು ಬಡಿದವು. ಒಳಗಿನಿಂದ ಬುಗುರಿಯೂ ಬಡಿದಳು. ಆಮೇಲೆ ಒಳಗಿನ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು.

ಹೆಂಡತಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೂ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. ಬಾಗಿಲಿಗೆ ಬಾಯಿಟ್ಟು ಮೆಲ್ಲಗೆ ಹೇಳಿದಳು.

"ಬುಗುರಿ, ಚಿಲಕ ತೆಗೀಬೇಡ. ಮುಟ್ಟಲೇಬೇಡ. ಅಮ್ಮ ಬೇಡ ಅಂದ್ರೆ ಬೇಡ."

ಒಳಗೆ ಯೋಚನೆ ನಡೆದಂತಿತ್ತು. ಹೊರಗೆ ಮೂವರು ದೊಡ್ಡವರೂ ಉಸಿರು ಬಿಡಲಿಲ್ಲ. ಕರ್ ಎಂದು ಕಬ್ಬಿಣ ಸರಿಯಿತು, ನಿಂತಿತು, ಮತ್ತೆ ಸರಿಯಿತು. ಬಾಗಿಲು ತೆರೆದು ತಲೆಯಿಂದ ಪಾದದವರೆಗೆ ತೊಯ್ದು ತೊಪ್ಪೆಯಾದ ಬುಗುರಿ, ಕೈಯಲ್ಲೊಂದು ತಂಬಿಗೆ ಹಿಡಿದು, ವಿಜಯೋತ್ಸಾಹದಿಂದ ಹೊರಬಂದಳು.

ಅವಳನ್ನು ಮೊದಲು ಬಾಚಿಕೊಂಡದ್ದು ಅಮ್ಮನಲ್ಲ, ಅಪ್ಪನಲ್ಲ, ದೊಡ್ಡಮ್ಮ. ಒದ್ದೆ ಮಗುವನ್ನು ಎದೆಗೊತ್ತಿಕೊಂಡು ಗಳಗಳನೆ ಅತ್ತಳು. ಅಳುತ್ತಲೇ ಇನ್ಸ್‌ಪೆಕ್ಟರ ಕಡೆ ತಿರುಗಿದಳು.

"ನಿಮ್ಮನ್ನ ಯಾರ್ರೀ ಟವೆಲ್ ತೆಗೀರಿ ಅಂದೋರು? ಮಗೂಗೆ ಏನಾದ್ರೂ ಆಗಿದ್ರೆ? ಕಣ್ಣೇನು ಅಲಂಕಾರಕ್ಕೆ ಇಟ್ಕೊಂಡಿದೀರಾ?"

ಇನ್ಸ್‌ಪೆಕ್ಟರು ಜೀವಮಾನದಲ್ಲಿ ಅಷ್ಟು ಬೈಗುಳ ಒಟ್ಟಿಗೆ ತಿಂದಿರಲಿಲ್ಲ. (ಮನೆಯಲ್ಲಿ ಬಿಡಿಬಿಡಿಯಾಗಿ ಸಿಗುತ್ತಿತ್ತು.) ಇಷ್ಟಾದ ಮೇಲೆ ಹೆಂಡತಿ ಕೇಂದ್ರಕ್ಕೇ ಒಪ್ಪುತ್ತಾಳೆಂದುಕೊಂಡು ದಾರಿಯಲ್ಲಿ ಫೋನು ತೆಗೆದರು.

"ಹಾಗಾದ್ರೆ ಕೇಂದ್ರಕ್ಕೆ ತಿಳಿಸ್ಬಿಡ್ಲಾ?"

"ಬೇಡ. ದೊಡ್ಡಮ್ಮನ ಮನೇನೇ."

"ಮಗು ಬಚ್ಚಲಲ್ಲಿ ಸಿಕ್ಕಾಕೊಂಡ ಮನೆ ಕಣೇ ಅದು!"

"ಸಿಕ್ಕಿಸಿದ್ದು ಯಾರು? ನೋಡಿ, ಮಗೂಗೋಸ್ಕರ ನಿಮ್ಮನ್ನ ಬೈಯೋರು ಇಷ್ಟು ದಿನ ನಾನೊಬ್ಬಳೇ ಇದ್ದೆ. ಇನ್ನೊಬ್ಬರು ಸಿಕ್ಕಿದ್ರಲ್ಲ, ನಂಗಷ್ಟೇ ಸಾಕು. ಜ್ವರ ಬಂದ ದಿನ ಬಂದಾಗ ನೋಡ್ಕೊಳೋಣ."

ದೊಡ್ಡಮ್ಮ ಒಪ್ಪಿದಳು. ಷರತ್ತು ಒಂದೇ: ಮಗು ಒಳಗೆ, ಅಪ್ಪ ಗೇಟಿನಾಚೆ.

ಸೋಮವಾರ ಹೆಂಡತಿ ಬೆಳಿಗ್ಗೆ ಬೇಗನೆ ಆಸ್ಪತ್ರೆಗೆ ಹೋದಳು. ಮಗುವನ್ನು ಬಿಡುವ ಹೊಣೆ ಇನ್ಸ್‌ಪೆಕ್ಟರದು. ಬುಗುರಿ ಕಾಲು ಹಿಡಿದು ಅಳುತ್ತಾಳೆ, ಆಗ ಹೀಗೆ ಹೇಳಬೇಕು, ಹಾಗೆ ಸಮಾಧಾನ ಮಾಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ಸಿದ್ಧಪಡಿಸಿದ್ದರು. ಗೇಟು ತೆರೆದಿದ್ದೇ ತಡ, ಬುಗುರಿ ಹಿಂತಿರುಗಿ ನೋಡದೆ ಒಳಗೋಡಿದಳು. ಗೇಟು ಮುಚ್ಚಿತು. ಭಾಷಣ ಗಂಟಲಲ್ಲೇ ಉಳಿಯಿತು.

ಇನ್ಸ್‌ಪೆಕ್ಟರು ಬೀದಿಯ ತುದಿಯವರೆಗೆ ಹೋದರು. ಗಾಡಿ ನಿಲ್ಲಿಸಿದರು. ಟವೆಲು ಇದೆಯೋ ಇಲ್ಲವೋ? ಬಕೆಟ್ಟು? ಒಂದೇ ಒಂದು ಸಲ ನೋಡಿಬಿಡೋಣ ಎಂದು ನಡೆದು ವಾಪಸ್ಸು ಬಂದರು. ಮಗಳಿಗೆ ಗುರುತು ಸಿಗದಿರಲೆಂದು ಹೆಲ್ಮೆಟ್ ತೆಗೆಯಲಿಲ್ಲ. ನಿಂತಿದ್ದ ವ್ಯಾನಿನ ಮರೆಯಿಂದ ಇಣುಕಿದರು. ಆಮೇಲೆ ಕಾಂಪೌಂಡಿನ ಮೇಲಿಂದ. ಆಮೇಲೆ ಕಲ್ಲೊಂದನ್ನು ತಂದು, ಅದರ ಮೇಲೆ ಹತ್ತಿ. ಕಣ್ಣು ಯಾಕೋ ಮಂಜಾಗುತ್ತಿತ್ತು.

"ಯಾರಯ್ಯಾ ಅದು? ಇಳಿ ಕೆಳಗೆ!"

ಎದುರುಮನೆಯ ಟೈಲರು, ಕೈಯಲ್ಲಿ ದೊಡ್ಡ ಕತ್ತರಿ ಹಿಡಿದು ನಿಂತಿದ್ದರು. ಅವರ ಹಿಂದೆ ಪೊರಕೆ ಹಿಡಿದ ಅಜ್ಜಿ, ಅವರ ಹಿಂದೆ ಇನ್ನೂ ಯಾರುಯಾರೋ. ನೋಡನೋಡುತ್ತ ಬೀದಿಯೇ ಸುತ್ತುಗಟ್ಟಿತು.

"ನಾನು... ನಾನು ಇನ್ಸ್‌ಪೆಕ್ಟರ್."

"ಯಾವ ಸ್ಟೇಷನ್?"

"ಲಿಫ್ಟ್."

"ಈ ಬೀದೀಲಿ ಮಹಡಿಮನೆ ಒಂದೂ ಇಲ್ಲ," ಎಂದರು ಟೈಲರು. ಕತ್ತರಿ ಒಮ್ಮೆ ಬಾಯಿ ತೆರೆದು ಮುಚ್ಚಿತು. "ಮಕ್ಕಳಿರೋ ಮನೆ ಇಣುಕೋ ಲಿಫ್ಟ್ ಯಾವುದಪ್ಪಾ ಅದು?"

ಯಾರೋ ಕೊರಳಪಟ್ಟಿಗೆ ಕೈ ಹಾಕಿದರು. ಗಲಾಟೆಗೆ ದೊಡ್ಡಮ್ಮ ಬುಗುರಿಯನ್ನು ಎತ್ತಿಕೊಂಡು ಕಿಟಕಿಗೆ ಬಂದಳು. ಬುಗುರಿ ಆ ಕಪ್ಪು ಹೆಲ್ಮೆಟ್ಟನ್ನು ನೋಡಿ ಹೆದರಿ ದೊಡ್ಡಮ್ಮನ ಹೆಗಲಲ್ಲಿ ಮುಖ ಮುಚ್ಚಿಕೊಂಡಳು. ಇನ್ಸ್‌ಪೆಕ್ಟರು ಹೆಲ್ಮೆಟ್ ತೆಗೆದರು.

"ಇವರ ಗುರುತು ಇದೆಯಾ ದೊಡ್ಡಮ್ಮ?"

"ಇಲ್ದೆ ಏನು? ಶನಿವಾರ ಬಂದು ಮಗೂನ ಬಚ್ಚಲಲ್ಲಿ ಸಿಕ್ಕಿಸಿದ್ದು ಇವರೇ!"

ಗುಂಪು ಒಂದು ಹೆಜ್ಜೆ ಮುಂದೆ ಬಂತು. ಇನ್ಸ್‌ಪೆಕ್ಟರು ಗೋಡೆಗೆ ಅಂಟಿಕೊಂಡರು. ದೊಡ್ಡಮ್ಮ, "ಅಯ್ಯೋ ಹೊಡೀಬೇಡ್ರಪ್ಪ, ಅಪ್ಪ ಅಂತೆ ಮಗೂಗೆ" ಎಂದಳೇನೋ ನಿಜ. ಆದರೆ ಆ 'ಅಂತೆ' ಕೆಲಸ ಕೆಡಿಸಿತು. ಮಗುವಿನ ತಾಯಿಯೇ ಬಂದು ಹೇಳಲಿ ಎಂದು ಟೈಲರು ತೀರ್ಪು ಕೊಟ್ಟರು.

ಆಸ್ಪತ್ರೆಗೆ ಫೋನು ಹೋಯಿತು. 'ದೊಡ್ಡಮ್ಮನ ಮನೆಯಿಂದ' ಎಂಬ ಮಾತು ಕೇಳಿದ್ದೇ ಹೆಂಡತಿಗೆ ಪ್ರಾಣ ಹಾರಿತು. ಮೊದಲ ದಿನದ ಮೊದಲ ರೋಗಿಯನ್ನು ಮಲಗಿಸಿದಲ್ಲೇ ಬಿಟ್ಟು, ಬಿಳಿ ಕೋಟಿನಲ್ಲೇ ಆಟೋ ಹಿಡಿದು ಬಂದಳು. ಇಳಿದವಳೇ ಕಿಟಕಿಯಲ್ಲಿ ಬುಗುರಿಯನ್ನು ಕಂಡಳು. ಬುಗುರಿ ಬಿಸ್ಕತ್ತು ತಿನ್ನುತ್ತಿದ್ದಳು. ಆಮೇಲೆ ಗೋಡೆಗಂಟಿದ ಗಂಡನನ್ನು ಕಂಡಳು.

"ಇವರು ನಿಮ್ಮೋರೇನಮ್ಮಾ?" ಎಂದು ಟೈಲರು ಕೇಳಿದರು.

ಆಕೆ ನೋಡಿದಳು. ನೋಡುತ್ತಲೇ ಇದ್ದಳು. ಉತ್ತರಕ್ಕೆ ಇಷ್ಟು ಹೊತ್ತು ಬೇಕಾಗುವ ಪ್ರಶ್ನೆಯೇ ಇದು ಎಂದು ಇನ್ಸ್‌ಪೆಕ್ಟರು ಕಂಗಾಲಾದರು. ಅವರ ಕೆನ್ನೆ ಒದ್ದೆಯಾಗಿತ್ತು.

"ಹೂಂ, ನಮ್ಮೋರೇ. ಬಿಟ್ಬಿಡಿ."

ಕೊರಳಪಟ್ಟಿ ಬಿಡುಗಡೆಯಾಯಿತು. ಕಿಟಕಿಯಿಂದ ದೊಡ್ಡಮ್ಮ ಕೂಗಿ ಕೇಳಿದಳು:

"ಮಗೂನೂ ಕರ್ಕೊಂಡ್ ಹೋಗ್ತೀರಾ ಹೇಗೆ?"

"ಬೇಡ ದೊಡ್ಡಮ್ಮ, ಅವಳು ಹೊಂದ್ಕೊಂಡಿದ್ದಾಳೆ," ಎಂದು ಹೆಂಡತಿ ಇನ್ಸ್‌ಪೆಕ್ಟರ ಕೈ ಹಿಡಿದು ಆಟೋ ಹತ್ತಿಸಿದಳು. "ಅಳ್ತಾ ಇರೋರನ್ನ ಮಾತ್ರ ಕರ್ಕೊಂಡ್ ಹೋಗ್ತೀನಿ."