ನಾಯಿಯಿಲ್ಲದ ನಾಯಿಪಾಠ

ಹೊಗಳಿಕೆಗೆ ತಲೆದೂಗಿದ್ದೇ ಡ್ರಿಲ್ ಮಾಸ್ತರು ಮಾಡಿದ ತಪ್ಪು.

ಭಾನುವಾರ ಬೆಳಿಗ್ಗೆ ಪಶುವೈದ್ಯರು ಮಾಸ್ತರ ಮನೆಯ ಗೇಟಿನ ಬಳಿ ಬಂದು ನಿಂತಿದ್ದರು. ಶ್ವಾನ ಸಂಘದ ಕಾರ್ಯದರ್ಶಿಯೂ ಅವರೇ. ಸಂಜೆ ನಾಲ್ಕಕ್ಕೆ ಪ್ರದರ್ಶನ. ಮಕ್ಕಳು ತಮ್ಮ ನಾಯಿಯನ್ನು ಕಣದಲ್ಲಿ ನಡೆಸಿ, ನಿಲ್ಲಿಸಿ ತೋರಿಸುವ ಸ್ಪರ್ಧೆಯೂ ಇತ್ತು. ಸಂಘದ ಮಕ್ಕಳಿಗೆ ಕಲಿಸಬೇಕಾದವನು ಸೊಂಟ ಹಿಡಿದುಕೊಂಡು ಮಲಗಿದ್ದ.

"ಒಂದೇ ಸೀಟಿ ಊದಿ ಐನೂರು ಮಕ್ಕಳನ್ನ ನಿಲ್ಲಿಸಿದವರು ನೀವು. ಆರು ಮಕ್ಕಳು, ಆರು ನಾಯಿ ನಿಮಗೆ ಯಾವ ಲೆಕ್ಕ?"

ಮಾಸ್ತರು ತಲೆದೂಗಿದ್ದು ಮೊದಲ ವಾಕ್ಯಕ್ಕೆ. ಎರಡನೆಯದು ಕಿವಿಗೆ ಬಿದ್ದಾಗ ತಲೆ ಇನ್ನೂ ನಿಂತಿರಲಿಲ್ಲ. ರೇಡಿಯೋದಲ್ಲಿ ನಾಯಿ ಬೊಗಳಿದರೂ ಕಾಲು ಮೇಲೆತ್ತಿ ಕೂರುವ ಮನುಷ್ಯ ಅವರು.

"ಇವರಿಗೆ ನಾಯಿ ಅಂದ್ರೆ..." ಎಂದು ಹೆಂಡತಿ ಬಾಯಿ ತೆರೆದರು.

"ಪ್ರಾಣ," ಎಂದು ಪಕ್ಕದ ಮನೆಯ ಟೈಲರ್ ಗೋಡೆಯಾಚೆಯಿಂದ ವಾಕ್ಯ ಮುಗಿಸಿದ. "ಒಂದಿನ ಇವರೂ ಒಂದು ನಾಯಿನೂ ಪಂದ್ಯ ಕಟ್ಕೊಂಡು ಓಡ್ತಿದ್ದದ್ದನ್ನ ಕಣ್ಣಾರೆ ನೋಡಿದೀನಿ. ಇವರೇ ಮುಂದಿದ್ರು."

ವೈದ್ಯರು ಮಾಸ್ತರ ಕೈ ಕುಲುಕಿ ಹೊರಟೇಬಿಟ್ಟರು.

ಒಂಬತ್ತಕ್ಕೆ ಶಾಲೆಯ ಮೈದಾನದಲ್ಲಿ ಆರು ಮಕ್ಕಳು, ಆರು ನಾಯಿ. ಅದರಲ್ಲೊಂದು ಕರುವಿನಷ್ಟು ಎತ್ತರ. ಮಾಸ್ತರು ತಂತಿಬೇಲಿಯ ಈಚೆಗೇ ನಿಂತು ಗಂಟಲು ಸರಿಮಾಡಿಕೊಂಡರು.

"ಇವನ್ನೆಲ್ಲ ಮನೆಗೆ ಬಿಟ್ಟು ಬನ್ನಿ. ಮೊದಲ ಪಾಠ ನಾಯಿಯಿಲ್ಲದೆ."

"ಮತ್ತೆ ನಾಯಿ ಯಾರು ಸಾರ್?" ಎರಡು ಜಡೆಯ ಹುಡುಗಿ ಕೇಳಿದಳು.

"ನೀವೇ. ಮೂವರು ನಾಯಿ, ಮೂವರು ಯಜಮಾನರು. ಅರ್ಧ ಗಂಟೆಗೊಮ್ಮೆ ಅದಲು ಬದಲು."

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಕ್ಕಳು ಮೈದಾನ ಸುತ್ತತೊಡಗಿದರು. ಮೊದಲು ಬರೀ ಜಗ್ಗಾಟ. ಎರಡು ಜಡೆಯವಳು ನಾಯಿಯಾದಾಗ ನಿಂತಲ್ಲೇ ಕೂತುಬಿಟ್ಟಳು. "ಜಗ್ಗಿದ್ರೆ ನಾನು ಬರಲ್ಲ ಕಣೋ. ನೀನು ಸುಮ್ನೆ ನಡಿ, ನಾನಾಗೇ ಬರ್ತೀನಿ." ಹುಡುಗ ಹಗ್ಗ ಸಡಿಲ ಬಿಟ್ಟ. ಅವಳು ಎದ್ದು ಬಂದಳು. ಉಳಿದವರೂ ನೋಡಿ ಕಲಿತರು. ಮಾಸ್ತರು, ಇದನ್ನು ತಾವೇ ಹೇಳಿಕೊಟ್ಟವರಂತೆ, ಸೀಟಿ ಊದಿದರು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ತಾಯಿ ಓಡಿಬಂದರು. "ಏನು ಪಾಠ ಸಾರ್ ಇದು? ನನ್ನ ಮಗ ತಟ್ಟೆ ನೆಲದ ಮೇಲೆ ಇಡು ಅಂತಾನೆ."

ಸುದ್ದಿ ತಿಳಿದು ವೈದ್ಯರೂ ಬಂದರು. "ನಾಯಿಗಳೆಲ್ಲಿ ಮಾಸ್ತರೇ?"

"ಪಾಠದ ಕೊನೇಲಿ ಬರ್ತವೆ."

"ಅಂದ್ರೆ ಯಾವಾಗ?"

"ನಾಲ್ಕು ಗಂಟೆಗೆ."

ವೈದ್ಯರು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು.

ನಾಲ್ಕಕ್ಕೆ ಮಾಸ್ತರು ನೀರಿನ ಡ್ರಮ್ಮಿನ ಹಿಂದೆ ಜಾಗ ಹಿಡಿದರು. ಕಣದ ನಟ್ಟನಡುವೆ ತೀರ್ಪುಗಾರರು ಗೂಟ ನೆಟ್ಟಂತೆ ನಿಂತಿದ್ದರು. ಬೇರೆ ಊರಿನ ಮಕ್ಕಳನ್ನು ನಾಯಿಗಳು ಒಗೆಯುವ ಬಟ್ಟೆಯ ಗಂಟಿನಂತೆ ಎಳೆದಾಡಿದವು. ಮಾಸ್ತರ ಆರೂ ಮಕ್ಕಳು ಹಗ್ಗ ಸಡಿಲ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ನಡೆದರು. ಕರುವಿನಂಥ ನಾಯಿ ಕೂಡ ಕೆಲಸದ ಸಂದರ್ಶನಕ್ಕೆ ಬಂದಂತೆ ತಲೆ ತಗ್ಗಿಸಿ ಹಿಂಬಾಲಿಸಿತು. ಮೂರು ಬಹುಮಾನವೂ ಅವರಿಗೇ.

ಯಾರನ್ನೂ ನಾಯಿ ಕಚ್ಚಲಿಲ್ಲ, ತಾವು ಒಂದನ್ನೂ ಮುಟ್ಟಲಿಲ್ಲ. ಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ತೀರ್ಪುಗಾರರು ಅವರನ್ನು ಮೂಲೆಗೆ ಕರೆದುಕೊಂಡು ಹೋದರು.

"ನಿಮ್ಮ ಮಕ್ಕಳು ನನ್ನ ಮಾನ ಉಳಿಸಿದ್ರು. ಅವರ ನಾಯಿ ಒಂದೂ ನನ್ನ ಹತ್ತಿರ ಬರಲಿಲ್ಲ. ಯಾರಿಗೂ ಹೇಳಬೇಡಿ, ನನಗೆ ನಾಯಿ ಅಂದ್ರೆ ಎದೆ ನಡುಗುತ್ತೆ. ಈ ಸ್ಪರ್ಧೇಲಿ ಮಕ್ಕಳನ್ನ ನೋಡಿದ್ರೆ ಸಾಕು, ನಾಯಿ ಮುಟ್ಟಬೇಕಿಲ್ಲ. ಹನ್ನೆರಡು ವರ್ಷ ಹೀಗೇ ತಳ್ಳಿದೆ."

ಮಾಸ್ತರಿಗೆ ಕಳೆದುಹೋದ ಅಣ್ಣ ಸಿಕ್ಕಷ್ಟು ಸಂತೋಷವಾಯಿತು. ತೀರ್ಪುಗಾರರ ಎರಡೂ ಕೈ ಹಿಡಿದುಕೊಂಡು, "ನಾನೂ..." ಎಂದು ಶುರುಮಾಡಿದರು.

"ಗೊತ್ತು, ಮಕ್ಕಳ ಹಾಗೆ ನೀವೂ ನನಗೆ ಸಹಾಯ ಮಾಡೋರೇ. ಮುಂದಿನ ತಿಂಗಳ ದೊಡ್ಡ ಪ್ರದರ್ಶನಕ್ಕೆ ತೀರ್ಪುಗಾರ ಅಂತ ನನ್ನನ್ನೇ ಹಾಕಿದ್ರು. ನೂರಿಪ್ಪತ್ತು ನಾಯಿ, ಒಂದೊಂದರ ಬಾಯಿನೂ ಬಿಡಿಸಿ ಹಲ್ಲು ನೋಡಬೇಕು. ಮೂರು ವಾರದಿಂದ ನಿದ್ದೆ ಇರಲಿಲ್ಲ. ಈಗ ನನ್ನ ಬದಲು ನಿಮ್ಮ ಹೆಸರು ಕೊಟ್ಟುಬಂದೆ. ಡಾಕ್ಟರು ಆಗಲೇ ಒಪ್ಪಿದ್ರು."

ಇಷ್ಟು ಹೇಳಿ ತೀರ್ಪುಗಾರರು ಕೈ ಬಿಡಿಸಿಕೊಂಡು, ಶಾಲೆ ಬಿಟ್ಟ ಹುಡುಗನಂತೆ ಹಗುರಾಗಿ ಗೇಟಿನ ಕಡೆ ನಡೆದರು.