ಜಲಜಾಕ್ಷಿಯ ಪರದೆಬೆಸುಗೆ

ನನ್ನ ಹೆಂಡತಿ ಜಲಜಾಕ್ಷಿಯಂಥ ವಿಜ್ಞಾನಿ ಇಡೀ ಕುಣಿಗಲ್ಲಿನಲ್ಲಿ ಇನ್ನೊಬ್ಬಳಿಲ್ಲ. ಬೆಂಗಳೂರಿನಲ್ಲೂ ಇರಲಾರಳು, ಇದ್ದಿದ್ದರೆ ನನಗೆ ಗೊತ್ತಾಗುತ್ತಿತ್ತು! ಅವಳ ಹೊಸ ಯಂತ್ರ ನೋಡಲು ನಮ್ಮ ಪಡಸಾಲೆಯಲ್ಲಿ ಜನ ಸೇರಿದ ದಿನ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಕ್ಕದಲ್ಲೇ ನಿಂತಿದ್ದೆ.

ಒಂದು ಹಳೆಯ ಇಡ್ಲಿ ಕುಕ್ಕರು, ಅದರೊಳಗೆ ವೈರು, ಸುರುಳಿ, ಮಿಣಿಮಿಣಿ ದೀಪ. ಮೇಜಿನ ಮೇಲೆ ಕಂಪ್ಯೂಟರು, ಮೂರು ಮಾನಿಟರು. ಒಂದಕ್ಕೂ ಕೇಬಲ್ ಇಲ್ಲ!

"ಇದು ಪರದೆಬೆಸುಗೆ," ಎಂದಳು. "ಎಷ್ಟು ಪರದೆ ಇದ್ರೂ, ಎಷ್ಟು ದೂರ ಇದ್ರೂ, ಎಲ್ಲಾ ಸೇರಿ ಒಂದೇ ಉದ್ದನೆ ಪರದೆ ಆಗ್ತವೆ. ನೋಡಿ!"

ಮೌಸ್ ತಳ್ಳಿದಳು. ಬಾಣದ ಗುರುತು ಮೂರು ಮಾನಿಟರುಗಳನ್ನೂ ದಾಟಿ, ನಿಲ್ಲದೆ ಎದುರುಮನೆಯ ಟೀವಿಗೆ ಹೋಯಿತು. ಅಲ್ಲಿಂದ ಧಾರಾವಾಹಿಯ ಅತ್ತೆಯೊಬ್ಬಳನ್ನು ಎಳೆದು ತಂದು ನಮ್ಮ ಮಾನಿಟರಿನಲ್ಲಿ ನಿಲ್ಲಿಸಿತು! ಎದುರುಮನೆಯವರು ಬೈಯುತ್ತಾ ಬಂದರು. ನಾನು ಎದೆ ಉಬ್ಬಿಸಿಕೊಂಡೇ ಬೈಸಿಕೊಂಡೆ.

ನೋಡಲು ಬಂದವರಲ್ಲಿ ಬೋರಲಿಂಗಯ್ಯನವರೂ ಇದ್ದರು. ಅವರ ಮಗಳ ಮದುವೆ ಹತ್ತಿರವಿತ್ತು. ಛತ್ರದಲ್ಲಿ ಮಂಟಪ ಮಹಡಿಯ ಮೇಲೆ, ಊಟದ ಹಾಲು ಕೆಳಗೆ, ಲಿಫ್ಟು ಕೆಟ್ಟು ಕೂತಿದೆ. ಅವರ ತಾಯಿ ದೊಡ್ಡತಾಯಮ್ಮನವರಿಗೆ ವಿಪರೀತ ಮಂಡಿನೋವು. ಎತ್ತಿಕೊಂಡು ಹೋಗುತ್ತೇವೆಂದರೆ, "ನಾನೇನು ಉತ್ಸವಮೂರ್ತಿನಾ?" ಎಂದು ಗದರುತ್ತಾರೆ. ತಾವೇ ಸಾಕಿದ ಮೊಮ್ಮಗಳ ಧಾರೆ ನೋಡಿ ಅಕ್ಷತೆ ಹಾಕಬೇಕೆಂಬುದೊಂದೇ ಆ ಅಜ್ಜಿಯ ಆಸೆ.

"ಕೆಳಗೆ ಕೂತೇ ನೋಡೋ ಹಂಗೆ ಮಾಡ್ತೀನಿ. ಅಜ್ಜಿಗೆ ಹೇಳಿ, ಇದು ನನ್ನ ಮಾತು!" ಎಂದಳು ಜಲಜಾಕ್ಷಿ.

ಮದುವೆಯ ದಿನ ಮಹಡಿಯಲ್ಲೊಂದು, ಕೆಳಗೊಂದು ದೊಡ್ಡ ಪರದೆ. ಕುಕ್ಕರಿನ ಜೊತೆ ನಾವಿಬ್ಬರೂ ಕೆಳಗೆ, ಅಜ್ಜಿಯ ಪಕ್ಕದಲ್ಲಿ. ಕೆಳಗಿನದರಲ್ಲಿ ಮಂಟಪ ಕಾಣಬೇಕು. ಮೇಲಿನದರಲ್ಲಿ ಊಟದ ಹಾಲು ಕಾಣಬೇಕು, ಎಲೆ ಖಾಲಿಯಿದೆಯೇ ಇಲ್ಲವೇ ಎಂದು ಜನಕ್ಕೆ ಕೂತಲ್ಲೇ ತಿಳಿಯಲಿ ಅಂತ. ಇಂಥ ಆಲೋಚನೆ ಇನ್ನಾರಿಗೆ ಹೊಳೆದೀತು, ಹೇಳಿ!

ಮುಹೂರ್ತ ಹತ್ತಿರವಾದಂತೆ ಚಿತ್ರಗಳು ಕಲಸಿಹೋದವು. ಮದುಮಗ ಮಂಟಪದ ಚಿತ್ರದಿಂದ ಜಾರಿ ಊಟದ ಹಾಲಿನ ಚಿತ್ರಕ್ಕೆ ಬಂದು, ಸಾರಿನ ಬಕೆಟ್ ಹಿಡಿದ ಅಡುಗೆ ಭಟ್ಟರ ಪಕ್ಕ ಕೂತಿದ್ದ! ಮಂಟಪದ ಚಿತ್ರದಲ್ಲಿ ಮದುಮಗಳ ಪಕ್ಕ ಅನ್ನದ ಕೊಪ್ಪರಿಗೆ.

"ಏನಮ್ಮಾ ಇದು, ನನ್ ಅಳಿಯನ್ನ ಭಟ್ಟರಿಗೆ ಕೊಟ್ಬಿಟ್ಯಲ್ಲ!" ಎಂದು ಬೋರಲಿಂಗಯ್ಯ ಓಡಿಬಂದರು.

"ಎಡ ಬಲ ಅದಲುಬದಲಾಗಿದೆ. ಪರದೆ ಯಾರಾದ್ರೂ ಮುಟ್ಟಿದ್ರಾ?"

"ಮುಟ್ಟಿಲ್ಲ. ನಾನೇ ಸ್ವಲ್ಪ ಸರಿಸ್ದೆ. ಕರೆಂಟಿನ ಸಾಮಾನು ಆಗ್ನೇಯದಲ್ಲಿರ್ಬೇಕು ಕಣಮ್ಮ, ವಾಸ್ತು!"

"ಸ್ವಲ್ಪ ಅಂದ್ರೆ?"

"ಆ ಗೋಡೆಯಿಂದ ಈ ಗೋಡೆಗೆ."

"ಬಲಗಡೆ ಇದೆ ಅಂತ ಯಂತ್ರಕ್ಕೆ ಹೇಳಿದೀನಿ, ನೀವು ಎಡಗಡೆ ತಂದಿಟ್ಟಿದೀರ! ಅದಕ್ಕೇನು ಕನಸು ಬೀಳುತ್ತಾ? ರೀ, ಆಫ್ ಮಾಡಿ ಆನ್ ಮಾಡಿ!"

ಮಾಡಿದೆ. ಮದುಮಗ ತಲೆಕೆಳಗಾದ.

"ಯಾವ ಪರದೆ ಯಾವುದು ಅಂತ ಮೊದಲು ಗುರುತು ಹಿಡೀಬೇಕು," ಎಂದು ಒಂದು ಗುಂಡಿ ಒತ್ತಿದಳು. ಕೆಳಗಿನ ಪರದೆಯಲ್ಲಿ ಮೊಳದುದ್ದದ ೧ ಮೂಡಿತು, ಮೇಲಿನದರಲ್ಲಿ ೨. ಅಷ್ಟೇ ಸಾಕಾಯಿತು! ಎರಡನೇ ಪಂಕ್ತಿಗೆ ಕರೆದರೆಂದು ಮಹಡಿಯ ಜನವೆಲ್ಲ ಎದ್ದು ಧಡಧಡ ಇಳಿದು ಬಂತು.

"ತಾಳಿ ಕಟ್ಟೋದನ್ನಾದ್ರೂ ನೋಡ್ಕೊಂಡು ಹೋಗ್ರಪ್ಪಾ!" ಎಂದು ಪುರೋಹಿತರು ಮೈಕಿನಲ್ಲಿ ಅಂಗಲಾಚಿದರು.

ಗಟ್ಟಿಮೇಳ ಶುರುವಾಯಿತು. ಅಜ್ಜಿ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಆ ದೊಡ್ಡ ೧ನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು.

"ನನ್ ಹಣೇಲಿ ಬರ್ದಿಲ್ಲ ಬಿಡು ಮಗಾ," ಎಂದರು.

ಜಲಜಾಕ್ಷಿ ತುಟಿ ಕಚ್ಚಿಕೊಂಡು ಕುಕ್ಕರಿನ ತಿರುಪಿಗೆ ಕೈ ಹಾಕಿದಳು.

"ಬೆಸುಗೆ ಪೂರ್ತಿ ತಿರುಗಿಸ್ತೀನಿ!"

"ಬೇಡ ಕಣೇ, ಅಷ್ಟು ಯಾವತ್ತೂ ತಿರುಗಿಸಿಲ್ಲ!"

"ಅದಕ್ಕೇ ಇವತ್ತು ತಿರುಗಿಸ್ಬೇಕು!"

ಸೀಟಿಯೇ ಇಲ್ಲದ ಕುಕ್ಕರು ಸೀಟಿ ಹೊಡೆಯಿತು! ಪರದೆ ತಿಳಿಯಾಗಿ, ಕೈಗೆಟುಕುವಷ್ಟು ಹತ್ತಿರದಲ್ಲಿ ಮಂಟಪ ಕಂಡಿತು. ಮದುಮಗ ತಾಳಿ ಎತ್ತಿದ. ಅಜ್ಜಿ ಅಕ್ಷತೆ ಎಸೆದರು. ಅದು ಪರದೆಗೆ ಬಡಿದು ಬೀಳಲಿಲ್ಲ, ಒಳಗೇ ಹೋಯಿತು. ಮೇಲಿನ ಪರದೆಯಿಂದ ಹೊರಬಂದು ಮೊಮ್ಮಗಳ ನೆತ್ತಿಯ ಮೇಲೆ ಸುರಿಯಿತು!

"ಅಜ್ಜೀ!" ಎಂದು ಹುಡುಗಿ ತಿರುಗಿ ಕೈ ಬೀಸಿದಳು.

ಊಟದ ಹಾಲಿನವರೆಲ್ಲ ಎದ್ದು ಎಸೆದದ್ದೇ ಎಸೆದದ್ದು. ಯಾರೋ ಗಡಿಬಿಡಿಯಲ್ಲಿ ಕೈಯಲ್ಲಿದ್ದ ಹಪ್ಪಳವನ್ನೂ ಎಸೆದರು, ಅದು ಮದುಮಗನ ಪೇಟದ ಮೇಲೆ ಹೋಗಿ ಕೂತಿತು. ಬೋರಲಿಂಗಯ್ಯನವರು ತೆರೆದ ಬಾಯಿ ಮುಚ್ಚಲಿಲ್ಲ. ನಾನು ಹೆಮ್ಮೆಯಿಂದ ಅಂಗಿಯ ಕಾಲರು ಸರಿಮಾಡಿಕೊಂಡೆ.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಜಲಜಾಕ್ಷಿಯ ಕಡೆ ತಿರುಗಿದರು.

"ಅಲ್ಲ ಮಗಾ, ಅಕ್ಕಿ ಹೋಗೋ ದಾರೀಲಿ ನನ್ನೂ ಕಳಿಸಬಾರದಾಗಿತ್ತಾ?"

ಜಲಜಾಕ್ಷಿ ಪರದೆಯ ಎತ್ತರವನ್ನು ಕಣ್ಣಲ್ಲೇ ಅಳೆದಳು. ಆಮೇಲೆ ಅಜ್ಜಿಯನ್ನು ಅಳೆದಳು.

"ಸ್ವಲ್ಪ ಬಗ್ಗೋಕಾಗುತ್ತಾ, ಅಜ್ಜಿ?"