ಸ್ಕೂಟಿಗೆ ಕಟ್ಟಿದ ರವಿಕೆ ಕಣ

ಇವತ್ತು ಮಾಡಿದ ಕೆಲಸಗಳು ಇಷ್ಟು: ಅವರೆಕಾಯಿ ಬಿಡಿಸಿದೆ, ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಿದೆ, ನಾಲ್ಕನೇ ತರಗತಿಯ ಕಾಪಿ ಪುಸ್ತಕ ತಿದ್ದಿದೆ, ಸ್ಕೂಟಿಯ ಎರಡೂ ಕನ್ನಡಿಗೆ ರವಿಕೆ ಕಣ ಕಟ್ಟಿದೆ. ಕೊನೆಯದು ನಿಮಗೆ ವಿಚಿತ್ರ ಎನಿಸಬಹುದು. ನನಗೆ ಅದು ಎಂಟು ದಿನದಿಂದ ಹಾಲು ಕಾಯಿಸಿದಷ್ಟೇ ಮಾಮೂಲು.

ಕಾರಣ ಒಂದು ಹಕ್ಕಿ. ಮಧುಗಿರಿಯಿಂದ ಮಿಡಿಗೇಶಿ ಕಡೆಯ ನಮ್ಮ ಶಾಲೆಗೆ ಹೋಗಿ ಹೊಂಗೆ ಮರದಡಿ ಗಾಡಿ ನಿಲ್ಲಿಸಿದರೆ ಸಾಕು, ಬಾಲ ಕುಣಿಸುತ್ತ ಬಂದು ಕನ್ನಡಿಯೊಳಗಿನ ತನ್ನದೇ ಮುಖವನ್ನು ಕುಕ್ಕಲು ಶುರುಮಾಡುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಬೂದು ಸಿಪಿಲೆ ಎಂಬ ಮರ್ಯಾದಸ್ಥ ಹೆಸರಿದೆ. ಬಿಸಿಯೂಟದ ಗಂಗಮ್ಮ ಮಾತ್ರ ಮಕ್ಕಳೆದುರಿಗೇ, "ಅಯ್ಯೋ, ಕುಂಡೆಕುಸ್ಕ ಕಣ್ ಮೇಡಮ್ಮೋರೆ!" ಎಂದು ಕೂಗಿದಳು. ಮಕ್ಕಳ ನಗೆಯಲ್ಲಿ ಅವತ್ತಿನ ಪಾಠ ಅಲ್ಲಿಗೇ ಮುಗಿಯಿತು. ಒಂದು ಹಿಡಿ ಅವರೆಕಾಳಿನಷ್ಟೂ ತೂಗದ ಈ ಜೀವ ಚಳಿಗಾಲಕ್ಕೆ ಹಿಮಾಲಯದ ಕಡೆಯಿಂದ ಬಂದು, ಬೇಸಿಗೆಗೆ ಹಿಂದಿರುಗುತ್ತದಂತೆ. ಅಷ್ಟು ದೂರ ಹಾರಿ ಬಂದು ತನ್ನ ಜೊತೆ ತಾನೇ ಜಗಳಕ್ಕೆ ನಿಂತಿತ್ತು. ಮನೆಯಲ್ಲಿ ಕೂತೇ ಆ ಕೆಲಸ ಮಾಡಿ ಮುಗಿಸುವ ನನಗೆ ಸೋಜಿಗ.

"ಬೆಳಗ್ಗಿಂದ ಒಂದ್ ಹುಳಾನೂ ಮುಟ್ಟಿಲ್ಲ. ಹಿಂಗಾದ್ರೆ ವಾಪಸ್ ಹೆಂಗೋಯ್ತದೆ?" ಎಂದಳು ಗಂಗಮ್ಮ. ನನಗೂ ಅದೇ ಚಿಂತೆ ಹತ್ತಿತು. ಮರುದಿನ ಬೀರುವಿನಿಂದ ಎರಡು ಕಣ ತಂದೆ. ಅರಿಸಿನ ಕುಂಕುಮಕ್ಕೆ ಕರೆದವರು ಕೊಟ್ಟದ್ದನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಮುಂದಿನ ಮನೆಗೆ ದಾಟಿಸುತ್ತಾರೆ. ಕೊರಟಗೆರೆಯಲ್ಲಿ ನಾನು ಕೊಟ್ಟ ಹಸಿರು ಕಣ ಸಿರಾ ಸುತ್ತಿಕೊಂಡು ನನಗೇ ಬಂದದ್ದುಂಟು. ಅದೂ ಒಂದು ಬಗೆಯ ವಲಸೆಯೇ. ಅದನ್ನೂ ಇನ್ನೊಂದನ್ನೂ ಎರಡು ಕನ್ನಡಿಗೆ ಸುತ್ತಿ ಗಂಟು ಹಾಕಿದೆ.

ಮಧ್ಯಾಹ್ನ ಬಂದು ನೋಡಿದರೆ ಸ್ಕೂಟಿಯ ಹಣೆಗೆ ಕುಂಕುಮ, ಹ್ಯಾಂಡಲ್ಲಿಗೆ ಚೆಂಡು ಹೂವು. ಮೂರನೇ ದಿನ ಸೀಟಿನ ಮೇಲೆ ತೆಂಗಿನಕಾಯಿ. ಶಾಲೆಗೆ ಬಂದ ತಾಯಂದಿರು ಯಾವುದೋ ಹರಕೆ ಎಂದುಕೊಂಡಿದ್ದರು. ಕೇಳೋಣವೆಂದು ಅಡುಗೆಕೋಣೆಗೆ ಹೋದೆ.

"ನಾನೇ ಹೇಳ್ದೆ, ಅಮ್ಮನೋರಿಗೆ ಕಟ್ಟವ್ರೆ ಅಂತ," ಎಂದಳು ಗಂಗಮ್ಮ, ಸೊಪ್ಪು ಸೋಸುತ್ತ.

"ಸುಳ್ಳು ಯಾಕೆ ಹೇಳಿದೆ ಗಂಗಮ್ಮ? ಹಕ್ಕಿಗೆ ಅಂತ ಹೇಳಬಾರದಿತ್ತಾ?"

"ಹಕ್ಕಿಗೆ ಅಂದಿದ್ರೆ ನಗಾಡಿ ಬಿಚ್ಚಾಕ್ಬುಡೋರು. ದೇವ್ರು ಅಂದ್ರೆ ಮುಟ್ಟಕಿಲ್ಲ. ನಿಮ್ಗೆ ಕಣ ಉಳೀಬೇಕೋ, ಪಾಠ ಹೇಳ್ಬೇಕೋ?"

 ಅಷ್ಟು ಹೊತ್ತಿಗೆ ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ಬಳಿ ಹಕ್ಕಿ ಕೆಸರಿನಲ್ಲಿ ಹುಳ ಹೆಕ್ಕುತ್ತಿತ್ತು. ಜಗಳವಿಲ್ಲ, ಬರೀ ಊಟ.

ಇವತ್ತು ಐದನೇ ತರಗತಿಗೆ ಮೂಢನಂಬಿಕೆಯ ಪಾಠ ಮಾಡಿದೆ. ಚೆನ್ನಾಗಿಯೇ ಮಾಡಿದೆ ಎನ್ನಬೇಕು. ನಾಲ್ಕೂವರೆಗೆ ಗಾಡಿ ಹತ್ತಿರ ಬಂದು ಕಣ ಬಿಚ್ಚಿ, ಮಡಿಸಿ, ಬ್ಯಾಗಿಗಿಡುವ ಮುನ್ನ ಎರಡೂ ಕಣ್ಣಿಗೆ ಒತ್ತಿಕೊಂಡೆ. ಒತ್ತಿಕೊಂಡ ಮೇಲೆ ಗೊತ್ತಾಯಿತು. ಕಿಟಕಿಯಲ್ಲಿ ಇಡೀ ಐದನೇ ತರಗತಿ ನಿಂತಿತ್ತು.

ರಾತ್ರಿ ಮುದ್ದೆ, ಅವರೆಕಾಳು ಸಾರು, ಸ್ಕೂಟಿಗೆ ಬಂದ ಕಾಯಿಯ ಚಟ್ನಿ. ಯಜಮಾನರು ಎರಡು ಸಲ ಚಟ್ನಿ ಹಾಕಿಸಿಕೊಂಡು ನನಗಿಂತ ಮೊದಲು ಮಲಗಿದರು.